ಕಿಟಕಿಯಿಂದ ಸರಿದ ಸೂಜಿ

ವೈದ್ಯರು ಬರೆಯಬೇಕಾದ ಸಂಗತಿಯನ್ನು ಇಲ್ಲಿ ಹೇಳಹೊರಟಿರುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಬಲ್ಲವರು ಮನ್ನಿಸಿ ತಿದ್ದಬೇಕು.

ಬೆಳಗಿನ ಐದೂಮುಕ್ಕಾಲು. ಬಿಸಿಲು ಇನ್ನೂ ಎದುರುಮನೆಯ ಮಹಡಿಗೂ ಬಂದಿಲ್ಲ. ಬೀದಿಗೆ ತೆರೆದ ಸಣ್ಣ ಕೋಣೆಯಲ್ಲಿ ರಫು ಅಕ್ಕ ಕಪ್ಪು ಕೋಟೊಂದನ್ನು ಕಿಟಕಿಗೆ ಹಿಡಿದು, ಒಂದೊಂದೇ ಕಪ್ಪು ದಾರವನ್ನು ಅದರ ಮೇಲೆ ಎಳೆದು ನೋಡುತ್ತಿದ್ದಾರೆ. "ಕಪ್ಪಲ್ಲೂ ನೀಲಿಗಪ್ಪು, ಕಂದುಗಪ್ಪು ಅಂತಿರತ್ತೆ. ಬಲ್ಬಿನ ಬೆಳಕು ಸುಳ್ಳು ಹೇಳತ್ತೆ" ಎನ್ನುತ್ತಾರೆ. ಆರೂಕಾಲರೊಳಗೆ ದಿನದ ಏಳೆಂಟು ಬಟ್ಟೆಗೂ ದಾರ ಆರಿಸಿ, ಸೂಜಿಗೆ ಪೋಣಿಸಿ, ಆಯಾ ಹರಕಿನ ಪಕ್ಕ ಚುಚ್ಚಿಡಬೇಕು. ಆಮೇಲೆ ಕಿಟಕಿಗೆ ದಪ್ಪ ಪರದೆ ಬೀಳುತ್ತದೆ.

ಹರಿದ ಬಟ್ಟೆಯನ್ನು ಗುರುತೇ ಸಿಗದಂತೆ ಕೂಡಿಸುವ ಈ ರಫು ಕೆಲಸಕ್ಕಾಗಿ ಅವರು ಇಪ್ಪತ್ತೆರಡು ವರ್ಷ ಕಿಟಕಿಯ ಪಕ್ಕವೇ ಕೂತವರು. ಹೋದ ವರ್ಷ ಕೆನ್ನೆ, ಮೂಗಿನ ಮೇಲೆ ಕೆಂಪು ಹರಡಿತು. ಬೆರಳ ಗೆಣ್ಣುಗಳು ನೋಯತೊಡಗಿದವು. ಗಿರಾಕಿಗಳು ಹೊಸಿಲಾಚೆಯಿಂದಲೇ ಬಟ್ಟೆ ಚಾಚಿದರು. ಮೈಯ ಕಾವಲು ಪಡೆಯೇ ಮೈಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಇದು, ಅಂಟುವಂಥದ್ದಲ್ಲ, ಆದರೆ ಬಿಸಿಲು ಕೆರಳಿಸುತ್ತದೆ ಎಂದರು ಚರ್ಮದ ಡಾಕ್ಟರಮ್ಮ.

ಬೀದಿಗಿಳಿಯುವುದನ್ನೇ ಬಿಟ್ಟರೂ, ತಪ್ಪದೆ ಮಾತ್ರೆ ನುಂಗಿದರೂ ಕೆಂಪು ಇಳಿಯಲಿಲ್ಲ. ಅದೂ ಎಡಗೆನ್ನೆಯಲ್ಲೇ ಹೆಚ್ಚು.

"ಹೊಲಿಯೋಕೆ ಎಲ್ಲಿ ಕೂರ್ತೀರಿ?" ಎಂದು ಡಾಕ್ಟರಮ್ಮ ಕೇಳಿದರು.

"ಕಿಟಕಿ ಹತ್ರ, ಅದು ನನ್ನ ಎಡಕ್ಕಿರತ್ತೆ. ಗಾಜು ಹಾಕೇ ಇರತ್ತೆ."

"ಗಾಜು ಗಾಳಿ ತಡೆಯತ್ತೆ ಕಣ್ರೀ, ಬಿಸಿಲಿನ ಕಿರಣ ಪೂರ್ತಿ ತಡೆಯಲ್ಲ. ಕಿಟಕಿ ಬಿಡಿ."

ಕಿಟಕಿ ಬಿಟ್ಟರೆ ಕಸುಬೇ ಹೋದಂತೆ. ಅಕ್ಕ ಎರಡು ದಿನ ಸೂಜಿ ಮುಟ್ಟಲಿಲ್ಲ. ದಾರಿ ತೋರಿಸಿದವರು ಅತ್ತೆ.

"ಬಣ್ಣ ನೋಡೋಕೆ ಹಗಲು ಬೇಕು, ಸರಿ. ಹೊಲಿಯೋಕೂ ಬೇಕೇನೇ? ಸೂರ್ಯಂಗಿಂತ ಮುಂಚೆ ಏಳು, ದಾರ ಆರಿಸಿಡು, ಆಮೇಲೆ ದೀಪ ಹಚ್ಚಿ ಕೂತ್ಕೋ. ಮದ್ವೆ ಆದಾಗಿಂದ ಬೇಗ ಏಳು ಅಂತ ಬಡ್ಕೋತಿದೀನಿ. ನನ್ನ ಮಾತು ನಾಟೋಕೆ ಇಂಥ ಕಾಯಿಲೆನೇ ಬರಬೇಕಾಯ್ತು."

ಪರದೆ ಬಿದ್ದು ಐದು ತಿಂಗಳಾಗಿದೆ. ಎಡಗೆನ್ನೆ ತಿಳಿಯಾಗಿದೆ, ಬೆರಳುಗಳು ಸಲೀಸಾಗಿ ಬಾಗುತ್ತವೆ. ಈ ಕಾಯಿಲೆ ಹಲವರಲ್ಲಿ ಕೆಡಿಸುವ ಮೂತ್ರಪಿಂಡಕ್ಕೂ ತಾಕಿಲ್ಲವೆಂದು ಕಳೆದ ವಾರದ ಪರೀಕ್ಷೆ ಹೇಳಿತು. "ಆವತ್ತು ಮಧ್ಯಾಹ್ನ ಎಷ್ಟೋ ದಿನದ ಮೇಲೆ ಗೊರಕೆ ಹೊಡೆದು ಮಲಗಿದೆ" ಎಂದು ಅಕ್ಕ ನಗುತ್ತಾರೆ. "ಬಿಸಿಲೇ ಬೇಕು ಅಂತ ನನಗೇನೂ ಆಸೆ ಇಲ್ಲ. ಕಸುಬು ಕೈಯಲ್ಲಿದ್ರೆ ಸಾಕು. ನಾಳೆಗೆ ಎಂಟು ಬಟ್ಟೆ ಒಪ್ಕೊಂಡಿದೀನಿ."

ಈ ಕಾಯಿಲೆ ಇವರಿಗೇ ಯಾಕೆ ಬಂತು, ಇಷ್ಟೆಲ್ಲ ಕಾಪಾಡಿಕೊಂಡರೂ ಮತ್ತೆ ಕೆರಳೀತೇ ಎಂದು ಡಾಕ್ಟರಮ್ಮನನ್ನು ಕೇಳಿದರೆ, ಗೊತ್ತಿಲ್ಲ ಎಂದೇ ಹೇಳುತ್ತಾರೆ.