ದೋಸೆಯ ಬಣ್ಣ ತಿಂದ ಬಲ್ಬು

ಕರೆಂಟ್ ಉಳಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಶಿವಮೊಗ್ಗದಲ್ಲಿ, ಆಲ್ಕೊಳ ಸರ್ಕಲ್ ಹತ್ತಿರದ ಹೋಟೆಲಿನಲ್ಲಿ ನಾಲ್ಕು ವರ್ಷ ದೋಸೆ ಹುಯ್ದವನು ನಾನು. ಅಲ್ಲಿ ಹಳೇ ಟ್ಯೂಬ್‌ಲೈಟ್ ಎಲ್ಲಾ ಕಿತ್ತು ಎಲ್‌ಇಡಿ ಹಾಕಿದರು. ಬಿಲ್ಲು ಇಳಿಯಿತು. ಮಾಲೀಕರು ಆ ಬಿಲ್ಲನ್ನು ಗಲ್ಲಾದ ಗಾಜಿನ ಕೆಳಗೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು. ತೋರಿಸಲಿ, ಅವರ ಬಿಲ್ಲು. ನನ್ನ ಸಿಟ್ಟು ಬೇರೆ.

ಗಿರಾಕಿಗಳು ಕೂರುವ ಜಾಗಕ್ಕೆ ಒಳ್ಳೇ ಕಂಪನಿಯ ಹಳದಿ ಬಲ್ಬು ತಂದರು. ಅಡುಗೆಮನೆಗೆ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಬಲ್ಬು ಬಂತು. ಹೊಗೆ, ಜಿಡ್ಡು ಹಿಡಿಯುವ ಕಡೆ ಒಳ್ಳೇದು ಯಾಕೆ ಅಂದರು. ದೋಸೆ ಕಲ್ಲಿನ ಮುಂದೆ ನಿಲ್ಲುವವನನ್ನು ಒಂದು ಮಾತು ಕೇಳಲಿಲ್ಲ.

ದೋಸೆ ಹುಯ್ಯುವವನು ಗಡಿಯಾರ ನೋಡುವುದಿಲ್ಲ, ಬಣ್ಣ ನೋಡುತ್ತಾನೆ. ಅಂಚು ಬಿಟ್ಟುಕೊಂಡು ಮೈ ಕೆಂಪಗಾದ ಕೂಡಲೇ ಎತ್ತಬೇಕು. ಹೊಸ ಬಲ್ಬಿನ ಕೆಳಗೆ ಕೆಂಪೇ ಕಾಣುತ್ತಿರಲಿಲ್ಲ. ಸುಣ್ಣ ಬಳಿದ ಹಾಗೆ ಬೆಳಕು. ಬೆಂದ ದೋಸೆಯೂ ಬಿಳಿಚಿಕೊಂಡ ಹಾಗೆ ಕಾಣುತ್ತಿತ್ತು. ಇನ್ನೂ ಆಗಿಲ್ಲವೆಂದು ಬಿಡುತ್ತಿದ್ದೆ. ಅದೇ ದೋಸೆ ಹೊರಗಿನ ಹಳದಿ ಬೆಳಕಿಗೆ ಹೋದರೆ ಕರ್ರಗೆ ಕಾಣುತ್ತಿತ್ತು.

ವಿದ್ಯಾನಗರದಿಂದ ಬರುತ್ತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಒಂದು ಬೆಳಿಗ್ಗೆ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಿಗೇ ಬಂದರು.

"ಮನೇಲೇ ಹಲ್ಲುಜ್ಜಿ ಬಂದಿದೀನಪ್ಪ. ಮತ್ತೆ ಇದ್ದಿಲು ಯಾಕೆ ಕೊಟ್ಟೆ?"

ಕೂತವರೆಲ್ಲ ನಕ್ಕರು. ಮಾಲೀಕರು ಗಲ್ಲಾದಿಂದಲೇ ಕೂಗಿದರು, "ಕಣ್ಣು ಎಲ್ಲಿಟ್ಕಂಡಿದೀಯ ಮಾರಾಯ? ಫೋನ್ ನೋಡ್ತಾ ಹುಯ್ತೀಯಾ?"

"ಲೈಟ್ ಸರಿ ಇಲ್ಲ ಅಣ್ಣ. ಬಣ್ಣ ಗೊತ್ತಾಗಲ್ಲ."

"ಮೊದ್ಲಿಗಿಂತ ಬೆಳ್ಳಗಿದೆ ಲೈಟು. ಕುಣಿಯಕ್ ಬರದೋಳು ನೆಲ ಡೊಂಕು ಅಂದ್ಲಂತೆ."

ಮತ್ತೆ ನಗು. ನಾನು ಒಂದು ದೋಸೆ ಎತ್ತಿಕೊಂಡು ಮುಂಬಾಗಿಲಿನ ಬಿಸಿಲಿಗೆ ಹೋಗಿ, ಇಲ್ಲಿ ಬಂದು ನೋಡಿ ಅಂದೆ. ಮಾಲೀಕರು ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೂ ಎರಡು ಮೂರು ಸಲ ಹೇಳಿದೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು. ಕೊನೆಗೆ ನನ್ನನ್ನು ವಡೆ ಕರಿಯುವ ಕೆಲಸಕ್ಕೆ ಹಾಕಿ, ಮದುವೆ ಅಡುಗೆ ಮಾಡುತ್ತಿದ್ದ ವಯಸ್ಸಾದ ಭಟ್ಟರೊಬ್ಬರನ್ನು ಕುಂಸಿಯಿಂದ ಕರೆಸಿದರು. ನಾಲ್ಕು ವರ್ಷ ಸಂಪಾದಿಸಿದ ನನ್ನ ಹೆಸರು ಒಂದು ಬಲ್ಬಿನ ಕೆಳಗೆ ಹೋಯಿತು.

ಮೊದಲ ದಿನವೇ ಭಟ್ಟರ ನಾಲ್ಕು ದೋಸೆ ಸೀದವು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಅವರು ಕಲ್ಲು ನೋಡಿದರು, ಹಿಟ್ಟು ನೋಡಿದರು, ನನ್ನನ್ನು ನೋಡಿದರು.

"ಹಿಟ್ಟಿಗೆ ಏನಾರ ಹಾಕಿದೀಯೇನೋ?"

"ಹಿಟ್ಟು ಸರಿ ಇದೆ. ದೋಸೆ ತಗಂಡು ಹಿತ್ಲ ಬಾಗಿಲಿಗೆ ಹೋಗಿ ನೋಡಿ."

ಹೋದರು. ಬಿಸಿಲಲ್ಲಿ ಎರಡು ಸಲ ತಿರುಗಿಸಿ ನೋಡಿದರು. ಒಳಗೆ ಬಂದು ಬಲ್ಬಿನ ಕಡೆ ಕತ್ತೆತ್ತಿ, "ಥೂ, ಇದ್ರ ಬೆಳಕಿಗೆ ಬೆಂಕಿ ಬೀಳ" ಅಂದರು. ಸೀದಾ ಗಲ್ಲಾದ ಹತ್ತಿರ ಹೋಗಿ, "ಲೈಟ್ ಸರಿ ಇಲ್ಲ ಸ್ವಾಮಿ, ಬಣ್ಣ ಗೊತ್ತಾಗಲ್ಲ" ಅಂದರು.

ನನ್ನದೇ ಮಾತು. ಒಂದಕ್ಷರ ಹೆಚ್ಚಿಲ್ಲ. ಒಂದು ಗಂಟೆಯೊಳಗೆ ಎಲೆಕ್ಟ್ರಿಷಿಯನ್ ಬಂದ. ದೋಸೆಯ ಬಣ್ಣ ಇದ್ದ ಹಾಗೇ ಕಾಣುವ ಬಲ್ಬು ಹಾಕಿದ. ಅದೂ ಎಲ್‌ಇಡಿಯೇ, ಅದಕ್ಕೂ ಅಷ್ಟೇ ಕರೆಂಟು. ಬೆಲೆ ಎರಡು ಮಸಾಲೆ ದೋಸೆಯಷ್ಟು ಜಾಸ್ತಿ. ಸೀದು ತಿಪ್ಪೆಗೆ ಹೋದ ದೋಸೆಯ ಹಿಟ್ಟು, ಎಣ್ಣೆ, ಗ್ಯಾಸು ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಹಾಗಾಗಿ ಅದು ಅವರಿಗೆ ಖರ್ಚಲ್ಲ.

ನಾನು ಹೋಗಿ ಮಾಲೀಕರನ್ನು ಕೇಳಿದೆ, "ನಾನೂ ಇದೇ ಹೇಳಿದ್ದಲ್ವಾ?"

"ನೀನು ಹೇಳಿದ್ದು ನೆಪದ ಥರ ಇತ್ತು. ಅವ್ರದ್ದು ಅನುಭವ."

"ಹಂಗಾದ್ರೆ ಕಲ್ಲು ವಾಪಸ್ ಕೊಡಿ."

"ವಡೆ ಚೆನ್ನಾಗೇ ಮಾಡ್ತಿದೀಯಲ್ಲ, ಮಾಡ್ಕಂಡಿರು."

ಜಾಲರಿ ಸೌಟನ್ನು ಅಲ್ಲೇ ಇಟ್ಟು ಭದ್ರಾವತಿ ಬಸ್ಸು ಹತ್ತಿದೆ.

ಭದ್ರಾವತಿಯಲ್ಲಿ ಫ್ಯಾಕ್ಟರಿ ಕಡೆಯ ಒಂದು ಸಣ್ಣ ಹೋಟೆಲಿಗೆ ದೋಸೆಯವನು ಬೇಕಾಗಿದ್ದಾನೆಂದು ಕೇಳಿ ಮರುದಿನ ಬೆಳಿಗ್ಗೆ ಹೋದೆ. ಅದರ ಯಜಮಾನರು ತಮಿಳಿನವರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆಲ್ಕೊಳದಲ್ಲಿ ದೋಸೆ ಸುಟ್ಟಾಕಿದ ತಂಬಿ ನೀನೇನಾ?"

ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಾಲ್ಕು ವರ್ಷ ಸರಿಯಾಗಿ ಹುಯ್ದಿದ್ದನ್ನು ಇಲ್ಲಿಗೆ ಬಂದು ಯಾರೂ ಹೇಳಿರಲಿಲ್ಲ. ಬಲ್ಬಿನ ಕಥೆ ಬಾಯಿಗೆ ಬಂತು, ನುಂಗಿಕೊಂಡೆ. ಹೇಳಿ ಹೇಳಿ ಸಾಕಾಗಿತ್ತು.

"ನಾನೇ. ಕಲ್ಲು ಕಾಯಿಸಿ. ತಿಂದಾದ್ಮೇಲೆ ಇಟ್ಕಳದು ಬಿಡದು ನಿಮ್ಮಿಷ್ಟ."

ಅವರು ಒಲೆ ಹಚ್ಚಿದರು.