ಅಣ್ಣನ ಕಣ್ಣಿಗೆ ಸಿಗದ ವಿಮಾನ

ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನದ ರೆಕ್ಕೆಯ ಒಂದೊಂದು ಮರದ ಪಟ್ಟಿಯನ್ನೂ ಕೊಯ್ದು, ಉಜ್ಜಿ, ಅಂಟಿಸಿದವನು ತಮ್ಮ. ಹಾರಿಸಿದವನು ಅಣ್ಣ. ಮೈದಾನದಲ್ಲಿ ಚಪ್ಪಾಳೆ ಬಿದ್ದದ್ದೂ ಅಣ್ಣನಿಗೇ. "ರಿಮೋಟ್ ಒಂದ್ಸಲ ಕೊಡಣ್ಣ" ಅಂದರೆ, "ನಿನ್ನ ಸಿಟ್ಟಿಗೆ ಅದು ಮರಕ್ಕೆ ಹೋಗಿ ಬಡಿಯುತ್ತೆ, ಸುಮ್ನಿರು" ಎಂದಿದ್ದ. ಆಗ ತಮ್ಮನಿಗೆ ಮೀಸೆ ಮೂಡಿರಲಿಲ್ಲ. ಈಗ ಮೀಸೆ ನರೆತಿದೆ, ಆ ಮಾತು ಮಾತ್ರ ಇನ್ನೂ ಮರೆತಿಲ್ಲ.

ತಮ್ಮನನ್ನು ಬೀದಿಯವರೆಲ್ಲ ಕರೆಯುವುದು ಕಿಡಿ ಎಂದೇ. ಓದು ನಾಲ್ಕನೇ ತರಗತಿಗೆ ನಿಂತಿತು, ಆಮೇಲೆಲ್ಲ ಲೇತ್ ಶಾಪು. ಕೈ ಹತೋಟಿಯಲ್ಲಿತ್ತು, ಬಾಯಿ ಇರಲಿಲ್ಲ. ಗಿರಾಕಿ "ಇನ್ನೂ ಆಗಿಲ್ವಾ" ಅಂದರೆ, ಬಿಸಿ ಆರದ ಶಾಫ್ಟನ್ನು ಮುಂದೆ ಹಿಡಿದು "ತಗೊಳ್ಳಿ, ನೀವೇ ತಿರುಗಿಸ್ಕೊಳ್ಳಿ" ಅನ್ನುವ ಆಸಾಮಿ.

ಅಣ್ಣನ ಕಣ್ಣಿನ ನರ ಸಾಯುತ್ತಾ ಬಂದಿತ್ತು. ಬೇಸಿಗೆ ಕಳೆದ ಮೇಲೆ ಬೆಳಕು, ಕತ್ತಲೆ ಬಿಟ್ಟು ಬೇರೇನೂ ಕಾಣದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತಿಗೆ ಶಾಪಿಗೇ ಬಂದು ನಿಂತಳು.

"ಅಟ್ಟದ ಮೇಲಿನ ವಿಮಾನ ಹಾರೋದನ್ನ ಒಂದ್ಸಲ ನೋಡ್ಬೇಕಂತೆ ನಿಮ್ಮಣ್ಣನಿಗೆ."

"ಅವನೇ ಬಂದು ಕೇಳ್ಲಿ."

"ಅವರು ಕೇಳೋರಲ್ಲ, ನೀನು ಕೇಳ್ದೆ ಕೊಡೋನಲ್ಲ. ನಾನು ಯಾರ ಕಾಲು ಹಿಡೀಲಿ, ನೀನೇ ಹೇಳಪ್ಪ."

ಕಿಡಿ ಅವತ್ತೇ ಏಣಿ ಹಾಕಿದ. ರಿಮೋಟಿನ ಸಂಕೇತ ಹಿಡಿಯಲೆಂದು ಮೂತಿಯೊಳಗೆ ಇಟ್ಟಿದ್ದ, ಇಟ್ಟಿಗೆಯಂತಿದ್ದ ಹಳೆಯ ಬ್ಯಾಟರಿ ತುಕ್ಕು ಕಾರಿ ಸತ್ತಿತ್ತು. ಅದರ ಜಾಗಕ್ಕೆ ಪುಟ್ಟ ಹೊಸದನ್ನು ಕೂರಿಸಿದ. ರೆಕ್ಕೆಗಳ ಅಡಿ ಒಂದೊಂದು ಬೆರಳು ಕೊಟ್ಟು ಎತ್ತಿದರೆ ಬಾಲ ಕುಸಿಯಿತು, ಮೂತಿ ಮೇಲೆದ್ದಿತು. ಮೂತಿಗೆ ಸೀಸದ ತುಂಡು ಅಂಟಿಸಬೇಕು, ಅದು ಸರಿ. ಆದರೆ ತೂಗುವುದು ಟ್ಯಾಂಕ್ ತುಂಬಿಸಿಯೋ, ಖಾಲಿ ಇಟ್ಟೋ? ಅಣ್ಣನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ವಿಮಾನ ಹೊಟ್ಟೆ ತುಂಬಿಸಿಕೊಂಡೇ ತಾನೆ ಹೊರಡುವುದು ಎಂದುಕೊಂಡು, ಮೂತಿಯ ಹಿಂದಿನ ಟ್ಯಾಂಕಿಗೆ ಎಣ್ಣೆ ತುಂಬಿಸಿಯೇ ತೂಗಿದ. ಬೆರಳ ಮೇಲೆ ತಕ್ಕಡಿಯಂತೆ ನಿಂತಿತು.

ಮೈದಾನದಲ್ಲಿ ವಿಮಾನ ನೆಲ ಬಿಟ್ಟಾಗ ಚೂರು ಎಡಕ್ಕೆ ವಾಲಿತು. ಕಿಡಿ ರಿಮೋಟಿನಲ್ಲಿ ವಾಲುವುದನ್ನು ಸರಿಪಡಿಸುವ ಟ್ರಿಮ್ ಗುಂಡಿಯನ್ನು ಒಂದಿಷ್ಟು ಬಲಕ್ಕೆ ಸರಿಸಿದ. ಕೈ ಬಿಟ್ಟರೂ ನೇರ ಹೋಯಿತು.

"ಕಾಣ್ತಾ ಅಣ್ಣ?"

"ಸದ್ದು ಕೇಳ್ತಿದೆ. ಸಿಗ್ತಿಲ್ಲ ಕಣೋ."

"ಬಲಗಡೆ ನೋಡು. ಕಂಬದ ಮೇಲೆ."

"ಇನ್ನೂ ಹತ್ರ ತಾ."

ಹತ್ತಿರ ತಂದ. ಸುತ್ತಿಸಿದ. ಮತ್ತೆ ಸುತ್ತಿಸಿದ. ಅಣ್ಣ ಕುತ್ತಿಗೆ ಚಾಚಿ ಆಕಾಶವನ್ನೆಲ್ಲ ತಡಕಾಡುತ್ತಿದ್ದ, ಕಣ್ಣಂಚಿನಲ್ಲಿ ನೀರು. ಅಷ್ಟರಲ್ಲಿ ವಿಮಾನ ತಾನಾಗಿಯೇ ಮೂತಿ ಎತ್ತತೊಡಗಿತು. ಮೂತಿ ತಗ್ಗಲೆಂದು ಟ್ರಿಮ್ ಕೆಳಕ್ಕೆ ಒತ್ತಿದ. ಇನ್ನೂ ಒತ್ತಿದ. ಹುಚ್ಚು ಕುದುರೆಯಂತೆ ಮತ್ತೆ ಎದ್ದಿತು.

ಎಂಜಿನ್ನಿನ ಏರಿಳಿತ ಅಣ್ಣನ ಕಿವಿಗೆ ಬಿತ್ತು. "ಟ್ಯಾಂಕ್ ಖಾಲಿ ಇಟ್ಟು ತಾನೆ ತೂಗಿದ್ದು?"

ಕಿಡಿ ಟ್ರಿಮ್ ಗುಂಡಿಯನ್ನು ಮತ್ತೊಮ್ಮೆ ಕೆಳಕ್ಕೆ ಒತ್ತಿದ.

"ತುಂಬಿಸಿ ತೂಗಿದ್ಯೇನೋ? ಎಣ್ಣೆ ಕರಗಿದ ಹಾಗೆಲ್ಲ ಮೂತಿ ಹಗುರ ಆಗುತ್ತಪ್ಪ. ಇಳಿಸು, ಈಗ್ಲೇ ಇಳಿಸು."

"ನೀನಿನ್ನೂ ನೋಡಿಲ್ವಲ್ಲಣ್ಣ" ಅಂದ ಕಿಡಿ. ದನಿ ಒಡೆದಿತ್ತು. "ಇನ್ನೊಂದೇ ಸುತ್ತು. ಸರಿಯಾಗಿ ನೋಡು, ನಿನ್ನ ದಮ್ಮಯ್ಯ."

ಆ ಸುತ್ತು ಮುಗಿಯಲಿಲ್ಲ. ಮೂತಿ ನೆಟ್ಟಗೆ ಮೇಲೆದ್ದು, ಒಂದು ಗಳಿಗೆ ನಿಂತು, ತಿರುಗುತ್ತಾ ಬಂದು ನೆಲಕ್ಕೆ ಬಡಿಯಿತು.

"ಬಿತ್ತಾ?" ಅಂದ ಅಣ್ಣ.

ಕಿಡಿ ರಿಮೋಟನ್ನು ನೆಲಕ್ಕೆ ಕುಕ್ಕಿದ. ಚೂರುಗಳನ್ನು ಅಂಗಿಯ ಮಡಿಲಿಗೆ ಆರಿಸಿಕೊಳ್ಳುತ್ತಾ, ಅಣ್ಣನ ಕಡೆ ತಿರುಗದೆಯೇ ಹೇಳಿದ: "ನಿನ್ನ ಕಣ್ಣಿಗೆ ತೋರಿಸೇ ತೋರಿಸ್ತೀನಿ. ಇದು ನನ್ನ ಮೇಲಿನ ಸಾಲ ಅಂದ್ಕೋ."

ಶಾಪಿಗೆ ಬೀಗ ಹಾಕಿ, ಮುರಿದ ವಿಮಾನವನ್ನು ಮತ್ತೆ ಜೋಡಿಸುತ್ತಾ ಕೂತ. ಗಿರಾಕಿಗಳು ಬೈದುಕೊಂಡು ಹೋದರು. ಆದರೆ ಅಂಟು ತನ್ನ ಹೊತ್ತಿಗೇ ಒಣಗುವುದು, ಬೈದರೆ ಬೇಗ ಒಣಗುವುದಿಲ್ಲ. ಈ ಸಲ ಟ್ಯಾಂಕ್ ಖಾಲಿ ಇಟ್ಟು ತೂಗಿದ. ವಿಮಾನ ಕೊನೆಯ ಹನಿಯವರೆಗೂ ದಾರ ಕಟ್ಟಿದಂತೆ ನೇರ ಹಾರಿತು. ಅಷ್ಟರಲ್ಲಿ ಬೇಸಿಗೆ ಕಳೆದು, ಅಣ್ಣ ಅತ್ತಿಗೆಯ ತೋಳು ಹಿಡಿದುಕೊಂಡೇ ಮೈದಾನಕ್ಕೆ ಬರುವಂತಾಗಿತ್ತು.

"ಸದ್ದಲ್ಲೇ ಗೊತ್ತಾಯ್ತು ಬಿಡೋ, ಚೆನ್ನಾಗಿ ಹೋಗ್ತಿದೆ. ನಿನ್ನ ಸಾಲ ತೀರ್ತು" ಅಂದ, ವಿಮಾನ ಇಲ್ಲದ ಕಡೆ ಮುಖ ಮಾಡಿಕೊಂಡು.

"ಎಲ್ಲಿ ತೀರ್ತು?" ಎಂದು ಕಿಡಿ ರೇಗಿದ. ತೋರಿಸುತ್ತೇನೆ ಎಂದದ್ದು ಕಣ್ಣಿಗೆ. ಆ ಬಾಕಿ ಇಂದಿಗೂ ಹಾಗೇ ಇದೆ.