ಫೇರ್ ಕಾಪಿಯಲ್ಲಿ ಕಳೆದ ಗುಳ್ಳೆಗಳು

ಅಪ್ಪ ಶಿಕಾರಿಪುರದ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಐವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ಅವರಿಗೆ ಸೊರಬಕ್ಕೆ ವರ್ಗವಾಯಿತು. ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದ ನಾನು ಹಾಲಿಡೇಸ್‌ಗೆ ಬಂದದ್ದೇ ಸೊರಬದ ಬಾಡಿಗೆ ಮನೆಗೆ. ಹಳೆಯ ಲ್ಯಾಬಿನ ಬೆರಳುದ್ದದ ಪ್ಲಾಟಿನಂ ತಂತಿಯೊಂದು ಇನ್ನೂ ಅಪ್ಪನ ಬಳಿ ಇತ್ತು. ಸೋಮವಾರ ಹೋಗಿ ಒಪ್ಪಿಸಬೇಕು. ಹೊಸ ಸ್ಕೂಲಿನಲ್ಲಿ ಅಂಥದ್ದು ಇರಲಿಲ್ಲ.

ಜಗಲಿಯ ಬೆಂಚಿನ ಮೇಲೆ ಗಾಜಿನ ಲೋಟ, ಅದರಲ್ಲಿ ಅಮೋನಿಯಾ ಬೆರೆಸಿದ ನೀರು, ನೀರಿನಲ್ಲಿ ಆ ತಂತಿ ಮತ್ತು ಹಳೇ ಸೆಲ್ಲಿನ ಕಾರ್ಬನ್ ಕಡ್ಡಿ, ಎರಡಕ್ಕೂ ಸೇರಿಸಿದ ಒಂದು ಟಾರ್ಚ್ ಸೆಲ್ಲು. ಕರೆಂಟು ಹರಿದರೆ ತಂತಿಯ ಮೈಮೇಲೆ ಅಮೋನಿಯಾ ಒಡೆದು ನೈಟ್ರೋಜನ್ ಗುಳ್ಳೆಗಳೇಳುತ್ತಿದ್ದವು.

"ಕೊಟ್ಟಿಗೆ ವಾಸನೆ ಸಾಲ್ದು ಅಂತ ಜಗಲಿಗೂ ತಂದ್ರೇನ್ರೀ?" ಅಮ್ಮ ಮೂಗಿಗೆ ಸೆರಗು ಹಿಡಿದಳು.

"ಎರಡೂ ಅಮೋನಿಯಾನೇ ಕಣೇ. ಪಳಗಿಸಿದ್ರೆ ಇದರಿಂದ್ಲೇ ಕರೆಂಟು ತೆಗೀಬಹುದು. ಹೊಗೆಯಿಲ್ಲ, ಮಸಿಯಿಲ್ಲ."

"ಮೊದ್ಲು ಲಾಟೀನಿನ ಗಾಜು ಒರೆಸಿ. ಕರೆಂಟು ಆಮೇಲೆ ಬರ್ಲಿ."

ಅಪ್ಪನ ಕಣ್ಣಿಗೆ ಅಷ್ಟು ಸಣ್ಣ ಗುಳ್ಳೆ ಕಾಣುತ್ತಿರಲಿಲ್ಲ. ಅವರು ವಾಚು ಹಿಡಿದು "ಸ್ಟಾರ್ಟ್" ಅನ್ನುವರು, ನಿಮಿಷ ತುಂಬಿದರೆ "ಸ್ಟಾಪ್" ಅನ್ನುವರು. ಎಣಿಸಿ ಬರೆಯುವವಳು ನಾನು. "ನೀನು ನನ್ನ ಅಸಿಸ್ಟೆಂಟು" ಅಂದಿದ್ದರು. ವರ್ಷಕ್ಕೆ ಎರಡೇ ಸಲ ಮನೆ ಕಾಣುತ್ತಿದ್ದ ನನಗೆ ಆ ಮಾತೊಂದು ಸಾಕಿತ್ತು. ಅವರನ್ನು ಮೆಚ್ಚಿಸಲೇಬೇಕಿತ್ತು.

ಆದರೆ ಹೊತ್ತು ಹೋದಂತೆ ಗುಳ್ಳೆಗಳು ಕಡಿಮೆಯಾಗುತ್ತಿದ್ದವು. ಪ್ರತಿಸಲವೂ ಹಾಗೇ. ನನ್ನದೇ ಕಣ್ತಪ್ಪು ಅಂದುಕೊಂಡೆ. ಕಾನ್ವೆಂಟಿನಲ್ಲಿ ಒಂದಂಕಿ ಕಾಟು ಹಾಕಿ ತಿದ್ದಿದರೂ ಸಿಸ್ಟರ್ ಬೆರಳಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಭಾನುವಾರ ಸಂಜೆ ಕೂತು ಚೆಂದದ ಫೇರ್ ಕಾಪಿ ಮಾಡಿದೆ. ಇಳಿದ ಸಂಖ್ಯೆಗಳನ್ನೆಲ್ಲ ಎತ್ತಿ ಸಮ ಮಾಡಿದೆ. ರಫ್ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದೆ.

ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡೇ ಅಪ್ಪ ಹಾಳೆ ನೋಡಿದರು.

"ಕಡಿಮೆ ಆಗ್ಲೇ ಇಲ್ವೇನೇ?"

"ಆಗ್ತಿತ್ತು ಅಪ್ಪ. ನಾನು ಸರಿ ಮಾಡ್ದೆ."

ಅಪ್ಪ ಹಾಳೆಯನ್ನು ಮಡಚಿದರು. "ತಂತಿಗೆ ಏನೋ ಅಂಟ್ಕೊಂಡು ಅದು ಸುಸ್ತಾಗುತ್ತೆ ಅಂತ ಗುಮಾನಿ ಇತ್ತು ಮಾರಾಯ್ತಿ. ಎಷ್ಟು ಬೇಗ ಸುಸ್ತಾಗುತ್ತೆ ಅನ್ನೋದೇ ನಂಗೆ ಬೇಕಿತ್ತು."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ತಂತಿಯನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣಕ್ಕೆ ಹಾಕಿಕೊಂಡು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸು ಹತ್ತಿದರು.

ಈಗಲೂ ಒಮ್ಮೊಮ್ಮೆ ಕಣ್ಮುಚ್ಚಿ ಕೂರುತ್ತೇನೆ. ಅವರ ಭುಜಕ್ಕೆ ಭುಜ ತಾಗಿಸಿ ನಿಜವಾಗಿ ಎಣಿಸಿದ ಸಂಖ್ಯೆಗಳಲ್ಲಿ ಒಂದಾದರೂ ನೆನಪಾಗಲಿ ಅಂತ. ಬರುವುದಿಲ್ಲ. ನಾನು ಕೂರಿಸಿದ ನಲವತ್ತು, ನಲವತ್ತು, ನಲವತ್ತು ಮಾತ್ರ ಬಾಯಿಪಾಠವಾಗಿದೆ.